ಸೆಕೆಂಡಿಗೆ ಒಂದು

ಬದಿಯಡ್ಕದ ಮೇಲಿನ ಪೇಟೆಯಲ್ಲಿ ನನ್ನ ಸ್ಟುಡಿಯೋ.
ಡಾರ್ಕ್‌ರೂಮಿಗೆ ಕೆಲಸ ತಪ್ಪಿ ಹದಿನೇಳು ವರ್ಷ.
ಟ್ರೇಗಳಿದ್ದ ಕಡಪಕಲ್ಲಿನ ಮೇಲೆ
ಈಗ ಮೂರಡಿಯ ಗಾಜಿನ ತೊಟ್ಟಿ,
ಹದಿನಾಲ್ಕು ಟೆಟ್ರಾ ಮೀನು,
ಪಾದೆಯ ಹೊಂಡದಿಂದ ತಂದ ಕೆಂಪು ದಂಟಿನ ಗಿಡ.

ಮೀನು ಹೊಂದಿಕೊಂಡವು. ಗಿಡ ಮಾತ್ರ ಏಳಲಿಲ್ಲ.
ಬೆಳಕು ಕೊಟ್ಟೆ, ಗೊಬ್ಬರ ಕೊಟ್ಟೆ,
ಎಲೆಗೆ ಪಾಚಿಯ ಗಡ್ಡ ಬಂತು.
"ಅದಕ್ಕೆ ಉಸಿರು ಬೇಕು ಮಾರಾಯ್ರೆ,
ನಾವು ಬಿಟ್ಟ ಉಸಿರು"
ಎಂದ ಸೋಡಾ ಫ್ಯಾಕ್ಟರಿಯ ಅಂದುಂಞಿಚ್ಚ.

ರಿಕ್ಷಾದಲ್ಲಿ ತಂದ ಪುಟ್ಟ ಸಿಲಿಂಡರು,
ತೊಡೆಯ ನಡುವೆ ನೆಟ್ಟಗೆ ನಿಲ್ಲಿಸಿಕೊಂಡು.
ಮಲಗಿಸಿದರೆ ಒಳಗಿನ ದ್ರವ ಬಾಯಿಗೆ ಬರುತ್ತದಂತೆ.
ಎನ್‌ಲಾರ್ಜರ್ ಇದ್ದ ಕಬ್ಬಿಣದ ಕಂಬಕ್ಕೆ
ಟ್ರೈಪಾಡಿನ ಬೆಲ್ಟಿನಿಂದ ಬಿಗಿದ.
"ಸಣ್ಣ ತಿರುಪು ಮುಚ್ಚಿರಬೇಕು ಮೊದಲು.
ಆಮೇಲೆ ದೊಡ್ಡದು, ಮೆಲ್ಲಗೆ,
ಮುಖ ಆಚೆ ಮಾಡಿ."
ಎಡ ಹುಬ್ಬಿನ ಮೇಲಿನ ಗಾಯದ ಗೆರೆ ತೋರಿಸಿದ:
ಎಂಬತ್ತೊಂದನೇ ಇಸವಿಯ ಒಂದು ಗೋಲಿ ಬಾಟ್ಲಿ.

ಕೀಲು ಕೀಲಿಗೂ ಸಾಬೂನು ನೊರೆ ಹಚ್ಚಿ ಕಾದೆವು.
ಎಲ್ಲಿಯೂ ಉಬ್ಬಲಿಲ್ಲ.
ಪೈಪಿನ ನಡುವೆ ಬೆರಳುಗುರಿನಷ್ಟು ವಾಲ್ವು:
ಗ್ಯಾಸು ಹೋಗಬಹುದು, ನೀರು ಹಿಂದೆ ಬರುವಂತಿಲ್ಲ.
ತಲಪಾಡಿಯ ಗೇಟಿಗಿಂತ ಖಡಕ್ಕು.
"ಸೆಕೆಂಡಿಗೆ ಒಂದು ಗುಳ್ಳೆ. ಅದಕ್ಕಿಂತ ಕಡಿಮೆಯಾದರೂ ಅಡ್ಡಿಯಿಲ್ಲ.
ದೀಪ ಆರುವ ಮೊದಲು ಇದು ಆರಬೇಕು."

ಅವ ಇಳಿದು ಹೋದ ಮೇಲೆ
ಮೂರು ಮಾಡಿದೆ.
ಮದುವೆಯವರು ಅವಸರ ಮಾಡಿದಾಗ
ಡೆವಲಪರ್ ಬಿಸಿ ಮಾಡಿ ಕೊಡುತ್ತಿದ್ದವ ನಾನು,
ಮುಖಗಳು ಕಾಳು ಕಾಳಾಗಿ ಬಂದರೂ.
ಒಂಬತ್ತಕ್ಕೆ ದೀಪ ಆರಿಸಿದೆ.
ಗ್ಯಾಸು ಮರೆತೆ.

ಬೆಳಗ್ಗೆ ನೀರಿನ ಮುಖದಲ್ಲೆಲ್ಲ ಬಾಯಿಗಳು,
ತೆರೆದು ಮುಚ್ಚಿ, ತೆರೆದು ಮುಚ್ಚಿ,
ನನ್ನ ಹೆಸರನ್ನು ಶಬ್ದವಿಲ್ಲದೆ ಕರೆಯುವ ಹಾಗೆ.
ಗಾಜಿಗಂಟಿದ ಬಣ್ಣದ ಸೀಸೆ
ನಿನ್ನೆ ನೀಲಿ, ಇಂದು ಲಿಂಬೆ ಹಳದಿ.
ತಿರುಪು ಮುಚ್ಚಿದೆ. ಅರ್ಧ ನೀರು ತೆಗೆದೆ.
ಗೋಡೆಯಾಚೆಯ ಟೈಲರ್ ಜೆಸಿಂತಾ ಬಾಯಿ
ಹೊಲಿಗೆ ಬಿಟ್ಟು ಓಡಿ ಬಂದು
ಕೊಡದಿಂದ ಎತ್ತರಿಸಿ ಎತ್ತರಿಸಿ ಸುರಿದಳು,
ನೀರಿನೊಂದಿಗೆ ಗಾಳಿಯೂ ಬೀಳಲೆಂದು.
ಹನ್ನೊಂದು ಉಳಿದವು.

ಅಂದುಂಞಿಚ್ಚ ಬೈಯಲಿಲ್ಲ.
ತೊಟ್ಟಿ ಬಿಟ್ಟು ಕೋಣೆಯನ್ನು ನೋಡಿದ.
"ಕಿಟಕಿ ಇಲ್ವಾ ಇದಕ್ಕೆ?"
ಉಂಟು. ಕಪ್ಪು ಬಳಿದು, ಕಾಗದ ಹೊಡೆದು, ಮೊಳೆ ಜಡಿದದ್ದು.
"ನನ್ನ ಫ್ಯಾಕ್ಟರಿಯ ಬಾಗಿಲು
ನೆಲದಿಂದ ಒಂದು ಗೇಣು ಮೇಲೆ ನಿಲ್ತದೆ, ನೋಡಿದ್ದೀರಾ?
ಇದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ, ತೂಕ ಮಾತ್ರ ಉಂಟು.
ನೀರಿನ ಹಾಗೆ ತಗ್ಗಿನಲ್ಲಿ ಕೂತ್ಕೊಳ್ತದೆ.
ಸಿಲಿಂಡರ್ ಸೋರಿದರೆ ಬಾಯಿ ತೆರೆಯುವ ಸರದಿ ನಿಮ್ಮದು."

ಮೊಳೆ ಕೀಳಲು ಮಧ್ಯಾಹ್ನವಾಯಿತು.
ಕತ್ತಲೆಗೆಂದೇ ಕಟ್ಟಿಸಿದ ಕೋಣೆಗೆ
ಮೊದಲು ಬಂದದ್ದು ಮೀನು ಮಾರುವವನ ಹಾರ್ನು,
ಆಮೇಲೆ ಧೂಳು,
ಆಮೇಲೆ ಕುಂಬಳೆ ಬಸ್ಸಿನ ನೆತ್ತಿಯ ಮಲೆಯಾಳ ಅಕ್ಷರ.
ಬಾಗಿಲಿನ ಕೆಳಗಿನ ಗೇಣನ್ನು
ಬಡಗಿ ಮರುದಿನ ಕೊಯ್ದ.

ಈಗ ಎರಡು ಸೆಕೆಂಡಿಗೆ ಒಂದು.
ವಾರ ಕಳೆದು ಕೂದಲೆಳೆಯಷ್ಟು ತಿರುಪು.
ದೀಪಕ್ಕಿಂತ ಒಂದು ತಾಸು ಮೊದಲು ತೆರೆದು,
ಒಂದು ತಾಸು ಮೊದಲೇ ಮುಚ್ಚಿ.
ಸೀಸೆಯ ಬಣ್ಣವನ್ನು ಪೂರ್ತಿ ನಂಬುವುದಿಲ್ಲ,
ಅದು ಎರಡು ತಾಸು ಹಿಂದಿನ ಸುದ್ದಿ ಓದುತ್ತದೆ.
ಮೀನಿನ ಕಿವಿರು ನೋಡುತ್ತೇನೆ.
ಜೆಸಿಂತಾ ಬಾಯಿ ಮೆಷಿನ್ ತುಳಿಯುತ್ತಲೇ
ತಾಳ ತಪ್ಪಿದರೆ ಗೋಡೆಯಾಚೆಯಿಂದ ಕೂಗುತ್ತಾಳೆ,
ಅವಳಿಗೆ ಗುಳ್ಳೆ ಹೇಗೆ ಕೇಳಿಸುತ್ತದೋ.

ಇಪ್ಪತ್ತಮೂರನೇ ದಿನ ಸೀಸೆ ಹಸಿರು.
ಕೆಂಪು ದಂಟಿನ ತುದಿಯೆಲೆಯ ಅಂಚಿನಲ್ಲಿ
ಸಾಸಿವೆಯಷ್ಟು ಒಂದು ಮಣಿ,
ಬಿಡಲೋ ಬೇಡವೋ ಎಂದು ತೂಗಿ,
ಬಿಟ್ಟಿತು. ಅದರ ಜಾಗದಲ್ಲಿ ಇನ್ನೊಂದು.

ಹೊರಗೆ ಯಾರೋ ಹುಡುಗ ಬಾಗಿಲು ತಟ್ಟಿದ.
ಪಾಸ್‌ಪೋರ್ಟ್ ಫೋಟೋ, ಆರು ಕಾಪಿ, ಅರ್ಜೆಂಟು.
ಸ್ವಲ್ಪ ಕೂತುಕೋ ಮಗಾ,
ಎಣಿಸ್ತಾ ಇದ್ದೇನೆ.