ಅಡ್ವಾನ್ಸು

ಇಪ್ಪತ್ತಾರು ವರ್ಷ ಈ ಕೌಂಟರಿನ ಹಿಂದೆ ನಿಂತು
ನಾನು ಕೇಳಿದ್ದು ಎರಡೇ ಪ್ರಶ್ನೆ:
ಎಷ್ಟು ಜನ, ಎಷ್ಟು ದಿನ.
ಆಧಾರ್ ಬಂದ ಮೇಲೆ ಮೂರು.
ಈಗ ರಾತ್ರಿ ಹನ್ನೊಂದಕ್ಕೆ, ಸಾಗರದ ಕೊನೆ ಬಸ್ಸು ಹೋದ ಮೇಲೆ,
ಗಂಟೆಯ ಪಕ್ಕ ಫೋನು ಒರಗಿಸಿಟ್ಟರೆ
ಅದು ನನ್ನನ್ನು ಕೇಳುತ್ತದೆ
ಎಷ್ಟು ಜನ, ಎಷ್ಟು ದಿನ.

ಇಬ್ಬರು. ನಾನು, ಹಾಲಮ್ಮ.
ದಿನ ಮಾತ್ರ ಗೊತ್ತಿಲ್ಲ.
ವೀಸಾಕ್ಕೆ ರೂಮಿನ ಚೀಟಿ ಬೇಕಂತೆ,
ರೂಮಿಗೆ ತಾರೀಖು ಬೇಕಂತೆ,
ತಾರೀಖಿಗೆ ವೀಸಾ ಬೇಕಲ್ಲ.

ಸ್ಕಾಟ್ಲೆಂಡಿನ ಮೂಡಣ ಕರಾವಳಿ.
ಬೆರಳು ಅಗಲಿಸಿದರೆ ಊರು, ಕೂಡಿಸಿದರೆ ಬರೀ ನೀಲಿ.
ಆಗಸ್ಟಿಗೆ ಎಲ್ಲ ಕಡೆ ಭರ್ತಿ.
ಭರ್ತಿ ಅನ್ನುವ ಮಾತನ್ನು ದಸರಾ ರಜೆಯಲ್ಲಿ
ಎಷ್ಟು ಸಲೀಸಾಗಿ ಜನರ ಮುಖಕ್ಕೆ ಹೇಳಿದ್ದೇನೆ,
ಅವರ ಹೆಗಲ ಮೇಲೆ ಮಗು ನಿದ್ದೆ ಹೋಗಿದ್ದರೂ.
ಒಂದು ಮನೆಯಲ್ಲಿ ಕನಿಷ್ಠ ಮೂರು ರಾತ್ರಿ.
ಇನ್ನೊಂದರಲ್ಲಿ ನಾಯಿಗೆ ಸ್ವಾಗತ, ಮಕ್ಕಳಿಗಿಲ್ಲ.
ಮತ್ತೊಂದರಲ್ಲಿ ಕಿಟಕಿಯಿಂದ ಕಡಲು ಕಂಡರೆ
ಹದಿನೈದು ಪೌಂಡ್ ಜಾಸ್ತಿ.
ನಮ್ಮ ಹದಿನಾಲ್ಕನೇ ನಂಬರಿನ ಕಿಟಕಿಯಿಂದ
ಬಸ್ ಸ್ಟ್ಯಾಂಡಿನ ಶೌಚಾಲಯ ಕಾಣುತ್ತದೆ,
ಅದಕ್ಕೆ ನಾನು ಏನೂ ಹಾಕಿಲ್ಲ.

ಹಾಲಮ್ಮ ಅಂದಳು: ಸಮುದ್ರವೇ ಬೇಕಿದ್ದರೆ ಹೊನ್ನಾವರ ಇಲ್ಲವಾ,
ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನ ಮೀನೂಟ.
ಬ್ಲೌಸಿಗೆ ಹುಕ್ಕು ಹೊಲಿಯುತ್ತ ಅವಳು ಹೇಳಿದ್ದೆಲ್ಲ
ಸರಿಯೇ ಇರುತ್ತದೆ.

ಅವಳಿಗೆ ಹದಿನಾಲ್ಕನೇ ನಂಬರಿನ ಕಥೆ ಹೇಳಿಲ್ಲ.

ಏಪ್ರಿಲ್. ಸೇತುವೆಯ ಕೆಳಗೆ ತುಂಗೆಯ ಬಂಡೆಗಳು
ಬೆನ್ನು ತೋರಿಸುತ್ತಿದ್ದ ಕಾಲ.
ಕಿವಿಯ ತನಕ ಕೆಂಪಾದ ಮುದುಕನೊಬ್ಬ
ಬ್ಯಾಗು ಇಳಿಸಿ ಕೇಳಿದ: ಜೋಗ?
ಹತ್ತಿರ ಸರ್, ನೂರು ಕಿಲೋಮೀಟರ್, ಎಂದೆ.
ಮೂರು ದಿನದ ಅಡ್ವಾನ್ಸು ತಗೊಂಡೆ. ರಸೀದಿ ಕೊಟ್ಟೆ.
ಸುಳ್ಳೇನಲ್ಲ. ಹತ್ತಿರ ಅಂದೆ, ನೂರು ಅಂದೆ.
ನೀರಿದೆಯಾ ಅಂತ ಅವನು ಕೇಳಲಿಲ್ಲ.

ಸಂಜೆ ಬಂದವನ ಶೂ ತುಂಬ ಕೆಂಪು ಧೂಳು.
ಕೀ ಇಸಕೊಳ್ಳುವಾಗ ನಕ್ಕ.
ಗೋಡೆ ಚೆನ್ನಾಗಿದೆ, ಅಂದ, ತುಂಬ ಎತ್ತರದ ಗೋಡೆ.
ಉಳಿದೆರಡು ದಿನ ಲಾಬಿಯ ಫ್ಯಾನಿನ ಕೆಳಗೆ ಕೂತು
ಖಾರ ಮಂಡಕ್ಕಿ ತಿಂದ, ಬೆವರಿದ,
ರೂಮ್ ಬಾಯ್ ಸೈಫುಲ್ಲಾನಿಗೆ
ಹಳೇ ಬಿಲ್ಲುಗಳಲ್ಲಿ ದೋಣಿ ಮಡಚಲು ಕಲಿಸಿದ.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಕಾರ್ಡು ಬಂತು.
ಬಂಡೆ, ಬಿಳಿ ದೀಪಸ್ತಂಭ. ಹಿಂದೆ ಎರಡೇ ಮಾತು:
ನೀರಿದೆ. ಬನ್ನಿ.

ಹದಿನೇಳು ವರ್ಷ ಅದು ಬೀಗದ ಕೈಗಳ ಹಲಗೆಯಲ್ಲಿ
ಹದಿನಾಲ್ಕನೇ ಮೊಳೆಗೆ ನೇತಾಡಿದೆ.
ಮುದ್ರೆ ಮಾಸಿ ಊರಿನ ಹೆಸರು ಅರ್ಧ ಉಳಿದಿದೆ,
ಅವನದು ಪೂರ್ತಿ ಹೋಗಿದೆ.

ಅರ್ಧ ಹೆಸರು ಹಿಡಿದೇ ಹುಡುಕಿದ್ದು.
ಮೊರಾಗ್ ಎಂಬಾಕೆಯ ಮನೆ, ಎರಡೇ ಕೋಣೆ,
ಜೂನಿನಲ್ಲಿ ಒಂದು ವಾರ ಖಾಲಿ.
ನಾವು ಗಲಾಟೆ ಮಾಡುವವರಲ್ಲ, ಖಾರದ ಪುಡಿ ನಾವೇ ತರುತ್ತೇವೆ,
ಕಿಟಕಿಯಿಂದ ನೀರು ಕಾಣುತ್ತದೆಯೇ, ಎಂದು ಬರೆದೆ.

ಒಂದೂವರೆಗೆ ಉತ್ತರ. ಫೋನೇ ಕನ್ನಡ ಮಾಡಿಕೊಟ್ಟಿತು:
ಪ್ರಿಯ ಸರ್, ಮೊದಲೇ ಹೇಳಿಬಿಡುತ್ತೇನೆ.
ಆ ವಾರ ಬೆಳಿಗ್ಗೆ ಕಡಲು ತುಂಬ ಹಿಂದೆ ಹೋಗಿರುತ್ತದೆ.
ಕಾಣುವುದು ಕೆಸರು, ಹಕ್ಕಿ, ಮಗ್ಗುಲಾಗಿ ಬಿದ್ದ ದೋಣಿ.
ನೀರು ಬರುವುದು ಊಟದ ನಂತರ.
ನಿಮಗೆ ಬೇಸರವಾಗುವುದಿದ್ದರೆ ಬೇಡ.
ಅಡ್ವಾನ್ಸು ಕೊಡಬೇಕಿಲ್ಲ.

ಎರಡು ಸಲ ಓದಿದೆ.
ಎದ್ದು ಹೋಗಿ ಮುಖ ತೊಳೆದುಕೊಂಡೆ.

ಆರಕ್ಕೆ ಹುಬ್ಬಳ್ಳಿ ಬಸ್ಸಿಳಿದು ಹೊಸ ಜೋಡಿಯೊಂದು ಬಂತು,
ಹುಡುಗಿಯ ಅಂಗೈಯಲ್ಲಿ ಮದರಂಗಿ ಇನ್ನೂ ಕಡುಗೆಂಪು.
ಜೋಗ ಹತ್ತಿರವಾ ಅಂಕಲ್?
ಈಗ ನೀರಿಲ್ಲಮ್ಮ, ಬರೀ ಬಂಡೆ, ಅಂದೆ. ರೂಮು ಬೇಕಾ?
ಅವರು ಮುಖ ಮುಖ ನೋಡಿಕೊಂಡರು.
ಟ್ರಾಲಿ ಎಳೆಯುತ್ತ ಎದುರಿನ ಲಾಡ್ಜಿಗೆ ನಡೆದರು.
ಅಲ್ಲಿ ಕೌಂಟರಿನಲ್ಲಿ ಮಂಜಪ್ಪನ ತಮ್ಮ ಇದ್ದಾನೆ.
ಹತ್ತಿರ ಮೇಡಂ, ಅನ್ನುತ್ತಾನೆ.

ಮೊರಾಗ್‌ಗೆ ಇನ್ನೂ ಬರೆದಿಲ್ಲ.
ಹಾಲಮ್ಮನಿಗೆ ಫೋನು ಮಾಡಿ ಕೇಳಿದೆ:
ನೀರಿಲ್ಲದ ಸಮುದ್ರ ನೋಡಲು ಬರ್ತೀಯಾ?
ಬಾಯಲ್ಲಿ ಸೂಜಿ ಕಚ್ಚಿಕೊಂಡಿದ್ದಳೋ ಏನೋ,
ಹೂಂ ಅಂದಳೋ ಊಹೂಂ ಅಂದಳೋ
ಸರಿಯಾಗಿ ಕೇಳಿಸಲಿಲ್ಲ.