ಮೂವತ್ತೆಂಟನೆಯ ಪೆಟ್ಟಿಗೆ

ಓಹಾಯೋದ ಅಥೆನ್ಸಿನಲ್ಲಿ ಬೀದಿಗಳೂ ಇಟ್ಟಿಗೆಯವು.
ಅವುಗಳ ಮೇಲೆ ಗಡಗಡ ಬಂದು ಇಳಿದವು
ಮೆರಿಲ್ ಆಸ್ಟ್ರಾಂಡರ್ ಎಂಬವನ ನಲವತ್ತೊಂದು ಪೆಟ್ಟಿಗೆ.
"ಅಪ್ಪ ಏನನ್ನೂ ಎಸೆಯುತ್ತಿರಲಿಲ್ಲ," ಅಂದಳು ಮಗಳು,
ಸಹಿ ಹಾಕಿ ಹೊರಟಳು. ಟ್ರಕ್ಕಿನ ಎಂಜಿನ್ ಆರಿಸಿಯೇ ಇರಲಿಲ್ಲ.

ಲೈಬ್ರರಿಯ ನೆಲಮಾಳಿಗೆ. ನಾನು, ಕೈಗವಸು, ಪೆನ್ಸಿಲ್ಲು.
ಪೆನ್ನಿಗೆ ಇಲ್ಲಿ ಪ್ರವೇಶವಿಲ್ಲ.
ಮೊದಲ ಹತ್ತರಲ್ಲಿ ತಂತಿಗಳು: ದಾರ್ ಎಸ್ ಸಲಾಮ್, ಲುಸಾಕಾ, ಕಂಪಾಲಾ.
ನೆತ್ತಿಯ ಮೇಲೆ 'ಗೌಪ್ಯ', ಗೌಪ್ಯದ ಮೇಲೊಂದು ಅಡ್ಡಗೆರೆ.
"ನಾವು ಇವರಿಗೆ ಹೇಳುತ್ತಲೇ ಇದ್ದೇವೆ, ಒಮ್ಮೆ ಕೇಳಬೇಕು"
ಎಂದು ಬರೆದಿದ್ದಾನೆ ಅರವತ್ತೇಳರಲ್ಲಿ.
ವಾಷಿಂಗ್ಟನ್ನಿನ ಉತ್ತರ ಒಂದೇ ಪದ: ತಲುಪಿದೆ.

ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಿದ್ದಳು ಸೋದರತ್ತೆ.
ಬಲ್ಲವನ ಮಾತನ್ನು ಕಡತದಲ್ಲಿಟ್ಟು ದಾರ ಬಿಗಿದರೆ
ಏನಾಗುತ್ತದೆಂದು ಹೇಳಲಿಲ್ಲ.
ಆಗುವುದಿಷ್ಟು: ನಲವತ್ತಾರಕ್ಕೆ ರಾಜೀನಾಮೆ,
ಈ ಊರು, ಸೀಮೆಸುಣ್ಣ, ಮೇಷ್ಟ್ರ ಕೆಲಸ.

ಹದಿನೆಂಟರಿಂದ ಮೂವತ್ತರವರೆಗೆ ಒಂದೇ ಪುಸ್ತಕದ ಕರಡು,
ಗಡಿಗಳ ಬಗ್ಗೆ. ಒಂದು ಅಧ್ಯಾಯ ಏಳು ಸಲ ಬರೆದು
ಏಳನೆಯದರಲ್ಲಿ ಹೊಡೆದದ್ದೇ ಹೆಚ್ಚು.
ಅಂಚಿನಲ್ಲಿ: "ಚಿಸೆಂಗ ಹೇಳಿದ್ದು ಸರಿ. ನನಗೆ ಗೊತ್ತಿರಲಿಲ್ಲ."
ಚಿಸೆಂಗ ಯಾರು? ಶಿಷ್ಯನೋ, ಡ್ರೈವರೋ, ಮಂತ್ರಿಯೋ,
ಹುಡುಕಿದೆ. ಸಿಗಲಿಲ್ಲ.
ಪುಸ್ತಕವೇನೋ ನಾಲ್ಕನೆಯ ಮಹಡಿಯಲ್ಲಿದೆ. ಎರವಲು ಚೀಟಿಯಲ್ಲಿ ಆರು ಮುದ್ರೆ,
ಕೊನೆಯದು ನಾನು ಹುಟ್ಟಿದ ವರ್ಷದ್ದು.

ಮೂವತ್ತೆಂಟರಲ್ಲಿ, ಔತಣಕೂಟದ ಆಹ್ವಾನಪತ್ರಗಳ ನಡುವೆ,
ಕಂದು ಲಕೋಟೆ. ಅಲ್ಲಾಡಿಸಿದರೆ ಗಿಲಿಗಿಲಿ.
ಮೇಲೆ ಅವನ ವಾಲುವ ಅಕ್ಷರ:
ವಿಂಬಿ. ಅದರ ಕೆಳಗೆ ಉಲೇಜಿ. ಬುಲೊ.
ಆಮೇಲೆ "ಇಂಡಿಯಾದಲ್ಲಿ", ಒಂದು ಗೀಟು, ಪ್ರಶ್ನೆಯ ಕೊಂಡಿ.

ಕೈಗವಸು ಬಿಚ್ಚಿದೆ. ತಪ್ಪು. ಬಿಚ್ಚಿದೆ.
ಅಂಗೈಯಲ್ಲಿ ಇಟ್ಟಿಗೆಬಣ್ಣದ ಕಾಳು.
ಚನ್ನಪಟ್ಟಣದ ಹಾಸ್ಟೆಲು, ಬೆರಳು ಸುಡುವ ಮುದ್ದೆ,
"ಅಗೀಬ್ಯಾಡ, ನುಂಗು" ಎಂದು ಬೈಯುತ್ತಿದ್ದ ಅಡುಗೆಯ ಪುಟ್ಟತಾಯಮ್ಮ.
ನಮ್ಮ ಮಣ್ಣಿನದೆಂದು ಆಣೆಯಿಟ್ಟು ಹೇಳುತ್ತಿದ್ದೆವಲ್ಲ ಇದನ್ನೇ!
ತಂತಿಯಿಲ್ಲದೆ, ಮುದ್ರೆಯಿಲ್ಲದೆ, ಯಾರ ಗಂಟಿನಲ್ಲೋ
ಕಡಲು ದಾಟಿ ಬಂದು
ಕೇಳದೆಯೇ ಉಣಿಸತೊಡಗಿತ್ತು.

ನಿಯಮ ಹೀಗಿದೆ: ಕಾಳು, ಕೂದಲು, ಕೀಟ ಸಿಕ್ಕರೆ
ನಮೂದಿಸಿ ನಾಶಪಡಿಸುವುದು.
ನಮೂದಿಸಿದೆ. ಬೀಜ, ಎಣಿಸಿದಂತೆ ಅರವತ್ತೆರಡು.
'ಗುರುತು' ಎಂಬಲ್ಲಿ: ಗೊತ್ತು.
ನಾಶದ ದಿನಾಂಕದ ಖಾನೆ ಸದ್ಯ ಖಾಲಿ.
ಇವತ್ತು ಬುಧವಾರ.
ಮೇಲ್ವಿಚಾರಕಿ ಬರುವುದು ಸೋಮವಾರ.