ಹನ್ನೊಂದನೇ ಪ್ರಶ್ನೆ

ಪುರಸಭೆಯ ಅರ್ಜಿ ಹನ್ನೆರಡು ಪುಟ.
ಸೋಮವಾರ ಸಂಜೆಯ ದೋಣಿಗೆ ಹಾಕಬೇಕು,
ಗಾಳಿ ಎದ್ದರೆ ಈ ದ್ವೀಪಕ್ಕೆ ದೋಣಿಯೂ ಇಲ್ಲ.
ಚೀಸ್ ಕಾರ್ಖಾನೆಯ ಪಾಳಿ ಮುಗಿಸಿ ಬಂದವಳು
ಕೈಯಿಂದ ಹುಳಿ ಹಾಲಿನ ವಾಸನೆ ಹೋಗುವ ಮುಂಚೆಯೇ
ಅಡುಗೆಮನೆಯ ಮೇಜಿನ ಮೇಲೆ ಹರಡಿಕೊಂಡಿದ್ದೇನೆ.
ನಾನು ಎದುವಿನಾ, ಮೂರನೇ ಕ್ಲಾರಿನೆಟ್,
ಬೇರೆ ಯಾರೂ ಒಪ್ಪದ್ದರಿಂದ ಕಾರ್ಯದರ್ಶಿ.

ಸದಸ್ಯರು: ಇಪ್ಪತ್ತಮೂರು.
ಇಬ್ಬರು ಕೆನಡಾ ಸೇರಿದ್ದಾರೆ, ಕುರ್ಚಿ ತೆಗೆದಿಲ್ಲ;
ಎಣಿಸಬೇಕೋ ಬೇಡವೋ ಅರ್ಜಿ ಹೇಳುವುದಿಲ್ಲ.
ಅವರಲ್ಲಿ ವೃತ್ತಿಪರರು: ಸೊನ್ನೆ.
ಸೊನ್ನೆ ದುಂಡಗೆ ಬಂತು, ಟ್ಯೂಬಾದ ಬಾಯಿಯ ಹಾಗೆ.

ಕಳೆದ ಕಾರ್ಯಕ್ರಮದ ಪ್ರೇಕ್ಷಕರು?
ಎರಡನೇ ಹಾಡಿಗೇ ಮಳೆ ಹಿಡಿಯಿತು.
ಉಳಿದವರು ಕುರುಡ ಫಿರ್ಮಿನೊ, ಅವನ ನಾಯಿ,
ಬಸ್ಸು ತಪ್ಪಿಸಿಕೊಂಡ ಒಬ್ಬ ಜರ್ಮನ್ ಪ್ರವಾಸಿ.
ಎರಡು ಎಂದು ಬರೆದೆ.
ಹೊಡೆದು ಹಾಕಿ ಮೂರು ಮಾಡಿದೆ.
ಒಮ್ಮೆಯೂ ಆಕಳಿಸದೆ ಕೂತದ್ದು ನಾಯಿ ಒಂದೇ.

ಗುಣಮಟ್ಟದ ಬಗ್ಗೆ ಸುಳ್ಳು ಹೇಳಲಾರೆ.
ಮೆರವಣಿಗೆಯ ತಿರುವಿನಲ್ಲಿ ನಾವು ಎರಡು ಹೋಳಾಗುತ್ತೇವೆ,
ಮುಂದಿನವರು ಇಗರ್ಜಿ ಮುಟ್ಟುವಾಗ
ಹಿಂದಿನವರು ಇನ್ನೂ ಬೇಕರಿಯ ಹತ್ತಿರ,
ಅದೇ ಸ್ವರದ ಅರ್ಧ ಸಾಲು ಹಿಂದೆ.
ಅಜ್ಜಂದಿರ ಕಾಲದಿಂದ ಬಂದ ತಪ್ಪು.
ಒಂದು ವರ್ಷ ಸರಿಯಾಗಿ ಊದಿದೆವು,
ಯಾರಿಗೆ ಮೈ ಸರಿ ಇಲ್ಲವೆಂದು ಊರೇ ವಿಚಾರಿಸಿತು.

ಆಸ್ತಿ: ಟ್ಯೂಬಾ ಒಂದು, ಹಿತ್ತಾಳೆ, ಎಡಗಡೆ ತಗ್ಗು.
ಎರ್ಮಿನಿಯೊ ನಲವತ್ತು ವರ್ಷ ಊದಿದ್ದು,
ಬಂಗಡೆ ಬಲೆ ಎಳೆದ ಅದೇ ಕೈಯಲ್ಲಿ ಅಪ್ಪಿಕೊಂಡು.
ಈಗ ಅದು ಝುಲ್ಮೀರಾಳ ಮೊಮ್ಮಗಳಿಗೆ, ಹನ್ನೊಂದರ ಪೋರಿಗೆ.
ಕೂತರೆ ಕಾಲು ನೆಲ ಮುಟ್ಟದು;
ಎದುರಿನಿಂದ ಕಂಡರೆ ಟ್ಯೂಬಾಕ್ಕೇ ಮೊಣಕಾಲು ಮೂಡಿದ ಹಾಗೆ.
ಶಾಲೆಯಲ್ಲಿ ಬಾಯಿ ಬಿಡದ ಹುಡುಗಿ ಅದು.
ಮೂರು ವಾರ ಬರೀ ಗಾಳಿ ಬಂತು,
ನಾಲ್ಕನೇ ವಾರ ಮೊದಲ ಸ್ವರ ಹೊರಟಾಗ
ಕರು ಗುಂಡಿಗೆ ಬಿತ್ತೆಂದು ಝುಲ್ಮೀರಾ
ಹಗ್ಗ ಹಿಡಿದು ಗುಡ್ಡ ಇಳಿದು ಓಡಿ ಬಂದಳು.
ಇದನ್ನು ಯಾವ ಕಾಲಮ್ಮಿಗೆ ಹಾಕಲಿ?

ಹನ್ನೊಂದು: ನೆರವು ಸಿಗದಿದ್ದರೆ ಆಗುವ ಪರಿಣಾಮವೇನು?
ಐದು ಸಾಲು ಮೀರಬಾರದು.

ಏನೂ ಆಗುವುದಿಲ್ಲ, ಮಾನ್ಯರೇ.
ಹಸು ಹಾಲು ಕೊಡುತ್ತದೆ. ಕಡಲು ತನ್ನ ಪಾಡಿಗೆ ಇರುತ್ತದೆ.
ಮಂಗಳವಾರ ರಾತ್ರಿ ಒಂದು ಕೋಣೆಯ ದೀಪ ಹತ್ತುವುದಿಲ್ಲ, ಅಷ್ಟೆ.
ಕಲ್ಲುಗೋಡೆಯ ಜಗಳಕ್ಕೆ ಒಂಬತ್ತು ವರ್ಷ ಮಾತು ಬಿಟ್ಟ
ದೆಯೊದಾತೊ ಮತ್ತು ಸಿಪ್ರಿಯಾನೊ
ಒಂದೇ ಹಾಳೆ ನೋಡಿ ಊದುವುದು ನಿಲ್ಲುತ್ತದೆ;
ಪುಟ ತಿರುವುವ ಸರದಿ ಇವತ್ತಿಗೂ ತಪ್ಪಿಲ್ಲ ಅವರದು.
ಇನ್ನು ಯಾರಾದರೂ ಸತ್ತರೆ
ಸ್ಮಶಾನದ ಏರು ನಿಮಗೂ ಗೊತ್ತು.
ಹೋದ ಚಳಿಗಾಲ ಮೇಳದ ಅರ್ಧ ಜನಕ್ಕೆ ಜ್ವರ,
ಬಡಗಿ ಕ್ವಿಂತಿನೊನನ್ನು ಸುಮ್ಮನೆ ಹೊತ್ತು ನಡೆದೆವು.
ಬೂಟಿನ ಸದ್ದು, ಏದುಸಿರು, ಮತ್ತೆ ಬೂಟಿನ ಸದ್ದು.
ಅವನ ಹೆಂಡತಿ ನಡುದಾರಿಯಲ್ಲಿ ನಿಂತು ಕೇಳಿದಳು:
ಇವನೇನು ಯಾರಿಗೂ ಬೇಡವಾಗಿದ್ದನೇ?

ಸಾಲು ಮೀರಿತು. ಅಂಚಿನಲ್ಲಿ ಬರೆದಿದ್ದೇನೆ, ಕ್ಷಮಿಸಿ.

ಕೋರಿದ ಮೊತ್ತ: ಒಂದು ಹೀಟರು, ಚಾವಣಿಗೆ ಆರು ತಗಡು,
ಕ್ಲಾರಿನೆಟ್ ರೀಡು ಮೂರು ಪೆಟ್ಟಿಗೆ,
ಮೇಷ್ಟ್ರ ಸ್ಕೂಟರಿಗೆ ಪೆಟ್ರೋಲು.
ಕೂಡಿದೆ. ಎರಡು ಸಲ ಕೂಡಿದೆ.
ಕಳೆದ ಸಲ ಅರ್ಧ ಕೊಟ್ಟರು, ಈ ಸಲ ಎಷ್ಟೋ,
ಕೇಳುವುದಕ್ಕೆ ನಾಚಿಕೆಯೇನೂ ಇಲ್ಲ.
ರಸ್ತೆಗೆ ಡಾಂಬರು ಕೇಳುವಾಗ ಯಾರು ನಾಚಿದ್ದಾರೆ?

ಸಹಿ ಒಂದು ಬಾಕಿ.
ಎದುರು ಮನೆಯ ಮಾಳಿಗೆಯಲ್ಲಿ ಪೋರಿ ಶುರು ಮಾಡಿದ್ದಾಳೆ.
ಒಂದು, ಎರಡು, ಮೂರನೇ ಸ್ವರ ನಿಂತಿತು,
ನಾಲ್ಕಕ್ಕೆ ಜಾರಿದಳು.
ಪೆನ್ನು ಎತ್ತಿಕೊಂಡೇ ಕೂತಿದ್ದೇನೆ.
ಮತ್ತೆ ಒಂದರಿಂದ.